ನಮ್ಮದೊಂದೇ ಹಗೇವು

ನರಗುಂದದಲ್ಲಿ ನಾನು ಇದ್ದದ್ದು ಕಾಕಾನ ಮನೆಯಲ್ಲಿ. ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅದಕ್ಕೂ ನನ್ನ ಕೋಣೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಬೆಳಗ್ಗೆ ಒಂಬತ್ತರ ಸುಮಾರಿಗೆ ಶುರುವಾಗಿ, ಮಧ್ಯಾಹ್ನ ಊಟಕ್ಕೆ ನಿಂತು, ಮತ್ತೆ ಸಂಜೆಯವರೆಗೆ ನಡೆಯುತ್ತಿತ್ತು. ಯಂತ್ರ ಕಿಟಕಿಯ ಹತ್ತಿರ ಇದ್ದಾಗ ಅದು ಸಾಮಾನ್ಯ ಸದ್ದು. ಸೆಕೆಯ ದಿನ ಬಾಡಿಗೆಯಾಕೆ ಅದನ್ನು ಫ್ಯಾನಿನ ಕೆಳಗೆ, ಕೋಣೆಯ ನಡುವಿಗೆ ಎಳೆದುಕೊಳ್ಳುತ್ತಿದ್ದಳು. ಆಗ ಪ್ರತಿ ತುಳಿತಕ್ಕೂ ಕೆಳಗಿನಿಂದ ಇನ್ನೊಂದು ತುಳಿತ ಕೇಳುತ್ತಿತ್ತು, ಅರೆಕ್ಷಣ ತಡವಾಗಿ. ಗೋಡೆಗಳ ಮರುದನಿ ಇರಬೇಕೆಂದು ನಾನು ಆರು ತಿಂಗಳು ಅಂದುಕೊಂಡಿದ್ದೆ.

ಮುಂಗಾರು ಶುರುವಾದ ವಾರ, ಜೋಳದ ಹರಳು ಆರಿಸುತ್ತ ಕುಳಿತಿದ್ದ ಆಯಿ ಆ ಸದ್ದಿಗೆ ತಲೆ ಎತ್ತಿದಳು. ಆಯಿ ಎಂದರೆ ಕಾಕಾನ ತಾಯಿ, ನನ್ನ ಅಜ್ಜಿ.

"ಫ್ಯಾನಿನ ಕೆಳಗ ಮಷಿನ್ ಇಡಬ್ಯಾಡ ಅಂತ ಆಕಿಗೆ ಹೇಳಬೇ. ಅಲ್ಲಿ ಹಗೇವು ಐತಿ."

"ಅದನ್ನ ತುಂಬ್ಯಾರಲ್ಲ ಆಯಿ? ಕಾಕಾ ಓಣಿದೆಲ್ಲಾ ತುಂಬಿಸಿದ್ರಲ್ಲ?"

"ಓಣಿದು ತುಂಬಿಸಿದಾ. ನಮ್ಮದನ್ನ ಯಾರು ತುಂಬ್ಯಾರ?" ಎಂದು ಆಯಿ ಮೊರ ಕೊಡವಿದಳು. "ನಾ ಮ್ಯಾಲ ಕುಂತೆ. ಏಳ್ಲೇ ಇಲ್ಲ."

ಹಗೇವು ಎಂದರೆ ಜೋಳ ಇಡುತ್ತಿದ್ದ ನೆಲಮಾಳಿಗೆಯಂಥ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಕೆಳಗೆ ಹೊಟ್ಟೆ ಗಡಿಗೆಯ ಹಾಗೆ ಹಿಗ್ಗಿರುತ್ತದೆ, ಆಳ ಎರಡಾಳು. ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆಯುವಾಗ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಯಾರೂ ಇಳಿಯುತ್ತಿರಲಿಲ್ಲ. ಈಗ ಹಗೇವಿನಲ್ಲಿ ಯಾರೂ ಕಾಳು ಇಡುವುದಿಲ್ಲ. ಗುಂಡಿಗಳು ಮಾತ್ರ ಉಳಿದಿವೆ. ಮನೆಗಳು ಬೆಳೆಯುತ್ತ ಬೆಳೆಯುತ್ತ ಅವುಗಳ ಮೇಲೆ ಬಂದು ಕುಳಿತಿವೆ. ಕಾಲುವೆ ನೀರು ಬಂದ ಮೇಲೆ ಊರಿನ ನೆಲದೊಳಗಿನ ನೀರೂ ಮೇಲೆ ಬಂದಿದೆ. ನಮ್ಮ ಹಿತ್ತಲಿನ ಬಾವಿಯಲ್ಲಿ ಹಗ್ಗವಿಲ್ಲದೆ ಬಗ್ಗಿ ಕೊಡ ತುಂಬಬಹುದಿತ್ತು. ಆ ನೀರು ಹಳೆಯ ಹಗೇವುಗಳ ಗೋಡೆಯನ್ನು ಒಳಗಿನಿಂದ ನೆನೆಸುತ್ತದೆ. ಮಳೆಗಾಲದಲ್ಲಿ ಎಲ್ಲೋ ಒಂದು ಕಡೆ ಪಡಸಾಲೆ, ಎಲ್ಲೋ ಒಂದು ಕಡೆ ಅಡುಗೆಮನೆ ಒಮ್ಮೆಲೇ ಕೆಳಗಿಳಿಯುತ್ತದೆ. ಇದು ನಮ್ಮ ಊರಿನವರೆಲ್ಲರಿಗೂ ಗೊತ್ತಿರುವ ವಿಷಯ.

ಕೆಲವು ವರ್ಷಗಳ ಹಿಂದೆ, ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದಾಗ, ಕಾಕಾ ಓಣಿಯ ಹಗೇವುಗಳನ್ನೆಲ್ಲ ತುಂಬಿಸಿದರು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಓಣಿಯಲ್ಲಿ ಅವರ ಮಾತಿಗೆ ತೂಕವಿತ್ತು. ಮನೆಮನೆಗೆ ಹೋಗಿ ಕೂತು, ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಿ, ಟ್ರ್ಯಾಕ್ಟರಿನಲ್ಲಿ ಗರಸು, ಅಂದರೆ ಹರಳುಮಣ್ಣು, ತರಿಸಿ, ಬಿಸಿಲಲ್ಲಿ ಟವೆಲ್ ಹೊದ್ದುಕೊಂಡು ನಿಂತು ತುಂಬಿಸಿದರಂತೆ. ಕೊನೆಗೆ ನಮ್ಮ ಮನೆಯ ಸರದಿ ಬಂದಾಗ ಆಯಿ ಹಗೇವಿನ ಬಾಯಿಕಲ್ಲಿನ ಮೇಲೆ ಕುಳಿತಳು. ಜೋಳ ಇದ್ದ ಜಾಗ ಲಕ್ಷ್ಮಿಯ ಜಾಗ, ಅದಕ್ಕೆ ಮಣ್ಣು ಸುರಿಯುವುದೆಂದರೆ ಮನೆಯನ್ನೇ ಹೂಳಿದಂತೆ ಎಂಬುದು ಅವಳ ನಂಬಿಕೆ. ಗರಸು ಹಾಕುವುದಾದರೆ ತನ್ನನ್ನೂ ಸೇರಿಸಿ ಹಾಕಿ ಎಂದಳಂತೆ. ಕಾಕಾ ಎರಡು ದಿನ ಬೇಡಿಕೊಂಡರು. ಮೂರನೆಯ ದಿನ ಬಾಗಿಲು ಹಾಕಿಕೊಂಡು, ಬಾಯಿಕಲ್ಲಿನ ಮೇಲೆ ಫರಸಿಯ ಹಾಸುಗಲ್ಲು ಕೂಡಿಸಿ, ಸಿಮೆಂಟು ಬಳಿಸಿದರು. ಗರಸು ಹಿತ್ತಲಿಗೆ ಹೋಯಿತು. ಓಣಿಗೆ ತುಂಬಿದೆವು ಎಂದು ಹೇಳಿದರು. ಆ ಕೋಣೆಯಲ್ಲಿ ನಾವು ಯಾರೂ ಮಲಗಲಿಲ್ಲ. ಸ್ವಲ್ಪ ದಿನದ ಮೇಲೆ ಬಾಡಿಗೆಗೆ ಕೊಟ್ಟರು.

ಬಾಡಿಗೆಗೆ ಬಂದವರು ಮುಸಲ್ಮಾನರ ಮನೆಯ ಅತ್ತೆ ಸೊಸೆ. ಸೊಸೆಗೆ ಮೂವತ್ತೈದರ ಆಸುಪಾಸು, ಹೊಲಿಗೆ ಮಾಡುತ್ತಿದ್ದಳು. ಅವಳ ಗಂಡ ಈರುಳ್ಳಿ ಲಾರಿಯ ಡ್ರೈವರ್, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಅತ್ತೆಗೆ ಸೊಂಟ ಮುರಿದು ಎದ್ದು ನಡೆಯಲು ಆಗುತ್ತಿರಲಿಲ್ಲ. ಫ್ಯಾನಿನ ಗಾಳಿ ಸಿಗಲೆಂದು ಆಕೆ ಮಲಗುವ ಹೊರಸನ್ನೂ ಕೋಣೆಯ ನಡುವೆಯೇ ಹಾಕಿದ್ದರು. ಅಂದರೆ ಆಯಿ ಕುಳಿತು ಕಾಪಾಡಿದ ಆ ಕಲ್ಲಿನ ಮೇಲೆಯೇ.

ನಾನು ಕಾಕಾನನ್ನು ಕೇಳಿದೆ. ಅವರು ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಸುಳ್ಳು ಹೇಳಲಿಲ್ಲ.

"ನೀ ತತ್ತ್ವಶಾಸ್ತ್ರ ಓದಿದಾಕಿ. ವಿಚಾರ ಮಾಡಿ ನೋಡು. ಓಣ್ಯಾಗ ಎಲ್ಲಾರೂ ತುಂಬ್ಯಾರ. ಸುತ್ತಲ ನೆಲ ಗಟ್ಟಿ ಆಗೇತಿ. ಸುತ್ತಲ ಗಟ್ಟಿ ಇದ್ದಾಗ ನಡುವಿನ ಒಂದು ಗುಂಡಿ ಎಲ್ಲಿ ಹೋಗ್ತೈತಿ? ಅಲ್ಲೇ ಇರ್ತೈತಿ."

"ಆದ್ರೂ ಅವರಿಗೆ ಒಂದು ಮಾತು ಹೇಳಬಹುದಲ್ಲ ಕಾಕಾ."

"ಹೇಳಿದ್ರ ಅವರು ಹೋಗ್ತಾರ. ಎಲ್ಲಿಗೆ ಹೋಗ್ತಾರ? ಆ ಮುದುಕೀನ್ನ ಹೊತಗೊಂಡು ಮನಿ ಮನಿ ಕೇಳಬೇಕು. ಈ ಊರಾಗ ಅವರಿಗೆ ಮನಿ ಕೊಡಾಕ ಯಾರು ಲಗೂ ಮುಂದ ಬರ್ತಾರ, ನಿನಗ ಗೊತ್ತಿಲ್ಲೇನು? ಅವರ ಸಲುವಾಗೇ ಸುಮ್ನಿದ್ದೀನಿ."

ಇದರಲ್ಲಿ ಸುಳ್ಳಾದ ಮಾತು ಒಂದೂ ಇರಲಿಲ್ಲ. ಮೂರು ಮನೆಯವರು ಅವರನ್ನು ವಾಪಸು ಕಳಿಸಿದ್ದರು, ಕಾಕಾ ಮನೆ ಕೊಟ್ಟಿದ್ದರು. ಓಣಿಯಲ್ಲಿ ಒಬ್ಬಿಬ್ಬರು ಆಡಿಕೊಂಡಾಗ ಅವರು ಲೆಕ್ಕಿಸಿರಲಿಲ್ಲ. ಅವರು ಹೇಳದೆ ಬಿಟ್ಟದ್ದು ಒಂದೇ: ವಿಷಯ ಹೊರಗೆ ಬಂದರೆ, ಓಣಿಗೆಲ್ಲ ಬುದ್ಧಿ ಹೇಳಿದ ಮಾಸ್ತರರ ಮನೆಯ ಹಗೇವೇ ತುಂಬಿಲ್ಲ ಎಂದಾಗುತ್ತಿತ್ತು. ಹಣ, ಹೊಲ ಯಾವುದಕ್ಕೂ ಕೈಚಾಚದ ಮನುಷ್ಯ ಅವರು. ಅವರಿಗೆ ಕಳೆದುಕೊಳ್ಳಲು ಇದ್ದದ್ದು ಒಳ್ಳೆಯವರೆಂಬ ಹೆಸರು.

ನಾನು ರೋಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ತಿಂಗಳು ಬಿ.ಎ. ತರಗತಿಗೆ ನೀತಿಶಾಸ್ತ್ರದಲ್ಲಿ ಸ್ವಹಿತ ಮತ್ತು ಸದ್ಗುಣ ಎಂಬ ಪಾಠ ನಡೆದಿತ್ತು. ಬರೀ ಪುಸ್ತಕದ ಮಾತು ಬೇಡವೆಂದು ಒಂದು ಉದಾಹರಣೆ ಕೊಟ್ಟೆ. ಕಾಲುವೆಯ ಹೂಳನ್ನು ಎಲ್ಲರೂ ತಮ್ಮ ತಮ್ಮ ಹೊಲದ ಮುಂದೆ ತೆಗೆಯಬೇಕೆಂದು ಮಾತಾಗಿದೆ. ಎಲ್ಲರೂ ತೆಗೆಯುತ್ತಾರೆ, ಒಬ್ಬ ಮಾತ್ರ ತೆಗೆಯುವುದಿಲ್ಲ. ನೀರು ಅವನಿಗೂ ಬರುತ್ತದೆ. ಅವನು ಬುದ್ಧಿವಂತನೋ, ತಪ್ಪು ಮಾಡಿದವನೋ?

"ಶಾಣ್ಯಾ ರಿ ಮೇಡಂ!" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ತರಗತಿ ನಕ್ಕಿತು.

ಹೊಳೆಯ ದಂಡೆಯ ಮೆಣಸಗಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಎಲ್ಲಾರೂ ಶಾಣ್ಯಾ ಆದ್ರ ಏನ್ರಿ?"

"ಆದಾಗ ನೋಡೂಣು ಕೂಡ್ ಬೇ."

"ಆದಾಗ ನೋಡಾಕ ನೀ ಇರಬೇಕಲ್ಲೋ. ನಮ್ಮೂರಾಗ ಹೊಳಿ ಬಂದಾಗ ನೋಡೀವಿ, ಯಾವ ಶಾಣ್ಯಾ ಎಲ್ಲಿ ಹತ್ತಿ ಕುಂತಿದ್ದ ಅಂತ."

ಮತ್ತೆ ನಗು. ಅವಳು ನಗಲಿಲ್ಲ. ನಾನು ಪುಸ್ತಕದ ಉತ್ತರ ಹೇಳಿದೆ: ದೂರದೃಷ್ಟಿಯಿಂದ ನೋಡಿದರೆ ನಮ್ಮ ಹಿತವೂ ಸದ್ಗುಣವೂ ಕೊನೆಗೆ ಒಂದೇ ಕಡೆ ಸೇರುತ್ತವೆ, ವಿವೇಕ ಅದನ್ನು ತೋರಿಸುತ್ತದೆ. ಬೋರ್ಡಿನ ಮೇಲೂ ಬರೆದೆ. ಹುಡುಗರು ಬರೆದುಕೊಂಡರು. ಹಗೇವಿನ ವಿಷಯ ತಿಳಿದು ಅಂದಿಗೆ ಹನ್ನೊಂದು ದಿನವಾಗಿತ್ತು. ನಾನು ಇನ್ನೂ ಆಕೆಗೆ ಹೇಳಿರಲಿಲ್ಲ.

ಏಕೆ ಹೇಳಿರಲಿಲ್ಲ ಎಂಬುದನ್ನು ಇಲ್ಲಿ ಸರಿಯಾಗಿ ಬರೆಯಬೇಕು. ನನ್ನ ಅಪ್ಪ ಅವ್ವ ಇರುವುದು ಬೆಳವಣಕಿಯಲ್ಲಿ. ಅಲ್ಲಿ ನನ್ನ ಮದುವೆಯ ಮಾತೊಂದು ಅರ್ಧಕ್ಕೆ ನಿಂತಿತ್ತು. ಕಾಕಾನ ಮನೆಯಲ್ಲಿ ಇರುವವರೆಗೆ, ನೌಕರಿ ಇರುವವರೆಗೆ, ಅದು ನಿಂತೇ ಇರುತ್ತದೆ ಎಂದು ಒಪ್ಪಂದವಾಗಿತ್ತು. ಮನೆ ಅಪಾಯದ್ದೆಂದು ಗುರುತಾದರೆ ಬಿಡಬೇಕಾಗುತ್ತದೆ, ನಾನು ಬೆಳವಣಕಿಗೆ ಹೋಗಬೇಕಾಗುತ್ತದೆ. ಈ ಕಾರಣವನ್ನು ಆ ದಿನಗಳಲ್ಲಿ ನಾನು ನನಗೇ ಒಮ್ಮೆಯೂ ಹೇಳಿಕೊಳ್ಳಲಿಲ್ಲ. ಹೇಳಿಕೊಂಡ ಕಾರಣಗಳು ಬೇರೆ. ಆಕೆಯ ಗಂಡ ಊರಲ್ಲಿಲ್ಲ, ಅವನು ಬರಲಿ. ಅತ್ತೆಗೆ ಜ್ವರ, ಇಳಿಯಲಿ. ಹಬ್ಬದ ಬಟ್ಟೆ ರಾಶಿ ಬಿದ್ದಿದೆ, ಹೊಲಿದು ಮುಗಿಸಲಿ. ಎಲ್ಲವೂ ಆಕೆಯ ಹಿತದ ಕಾರಣಗಳೇ. ನಿಧಾನವಾಗಿ ನಾನು ಕಾಕಾನ ಹಾಗೆಯೇ ಮಾತಾಡತೊಡಗಿದ್ದೆ, ಬಾಯಿ ತೆರೆಯದೆ.

ಮಳೆ ಹಿಡಿಯಿತು. ಎರೆಮಣ್ಣಿನ ಊರಿನಲ್ಲಿ ಮಳೆ ಹಿಡಿದರೆ ಎಲ್ಲದಕ್ಕೂ ಒದ್ದೆ ವಾಸನೆ. ಬಾಡಿಗೆ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚತೊಡಗಿತು. ತೆರೆಯಲು ಆಕೆ ಭುಜ ಕೊಡುತ್ತಿದ್ದಳು. "ಮಳಿಗೆ ಕಟಗಿ ಉಬ್ಬೇತಿ" ಎಂದರು ಕಾಕಾ. ಒಂದು ಬೆಳಗ್ಗೆ ಎರಡು ಫರಸಿಗಳ ಸಂದಿನಿಂದ ಇರುವೆಗಳು ಸಾಲಾಗಿ ಹೊರಬಂದು, ಬಿಳಿಯ ಮೊಟ್ಟೆಗಳನ್ನು ಹೊತ್ತು ಹೊಸ್ತಿಲು ದಾಟಿ ಹೋದವು. ಅವು ವಾಪಸು ಬರಲಿಲ್ಲ. ಬಾವಿಯ ನೀರು ಕಟ್ಟೆಯ ಕೆಳಗಿನ ಮೊದಲ ಕಲ್ಲಿಗೆ ಬಂತು. ಗೋಡೆಯಾಚೆ ತುಳಿತದ ಸದ್ದು ಬದಲಾಯಿತು. ಮೊದಲು ಕೆಳಗಿನಿಂದ ಬರುತ್ತಿದ್ದ ಆ ಎರಡನೆಯ ಸದ್ದು ಒಣಗಿದ ಸದ್ದಾಗಿತ್ತು. ಈಗ ಅದು ಒದ್ದೆಯಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ, ಹೊಲಿಯಲು ಕೊಟ್ಟಿದ್ದ ರವಿಕೆಯ ಅಳತೆ ನೋಡಲು ಹೋದೆ. ಆಕೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಳು.

"ಉಸಿರು ಬಿಡ್ರಿ ಅಕ್ಕಾರ. ಇಷ್ಟ್ಯಾಕ ಬಿಗಿ ಹಿಡ್ಕೊಂಡೀರಿ?"

ನಾನು ಹೇಳಿದೆ. ಹಗೇವು ಎಲ್ಲಿದೆ, ತುಂಬಿಲ್ಲ ಎಂಬಷ್ಟನ್ನೇ.

ಆಕೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಪೊಳ್ಳು ಐತಿ ಅಂತ ಗೊತ್ತೈತ್ರಿ. ದಿನಾ ತುಳಿಯಾಕಿ ನಾನು, ನನಗ ಗೊತ್ತಾಗಂಗಿಲ್ಲೇನು?"

"ಮತ್ತ ಯಾಕ ಕೇಳ್ಲಿಲ್ಲ?"

"ಕೇಳಿದ್ರ ಮಾಸ್ತರ್ರು ರಿಪೇರಿ ಮಾಡಸ್ತೀನಿ, ಖಾಲಿ ಮಾಡ್ರಿ ಅಂತಿದ್ರು. ಆಮ್ಯಾಲ ಮತ್ತ ಕರೀತಿದ್ರೇನು? ಅದಕ್ಕ ನಾನೂ ಗಪ್ಪ್ ಇದ್ದೆ."

ಹೊರಸಿನ ಮೇಲಿಂದ ಅತ್ತೆ ಕೇಳಿದಳು. "ಕ್ಯಾ ಬೋಲ್ರೀ ಬೇಟಿ? ಏನಂತ?"

"ಏನಿಲ್ಲಮ್ಮಾ. ರವಿಕಿ ಬಿಗಿ ಆಗೇತಂತ."

"ಇರ್ಲಿ ಬಿಡು. ಲಗ್ನಕ್ಕ ಮದ್ಲ ಬಿಗಿನ ಇರಬೇಕು. ಆಮ್ಯಾಲ ಎಲ್ಲಾ ಸಡ್ಲ ಆಗ್ತಾವು." ಮುದುಕಿ ತನ್ನ ಮಾತಿಗೆ ತಾನೇ ನಕ್ಕಳು.

ಸೊಸೆ ದನಿ ತಗ್ಗಿಸಿದಳು. "ಎಷ್ಟ್ ಆಳ ಇದ್ದೀತ್ರಿ? ಮೊಣಕಾಲಷ್ಟು?"

"ಎರಡಾಳು."

ಆಕೆ ಫ್ಯಾನಿನ ಕೆಳಗಿನ ಫರಸಿ ನೋಡಿದಳು. ಆಮೇಲೆ ಹೊರಸಿನ ಒಂದು ಕಾಲು ಹಿಡಿದಳು. ನಾನು ಇನ್ನೊಂದು ಕಡೆ ಹಿಡಿದೆ. ನನ್ನ ಕೋಣೆಯ ಗೋಡೆಗೆ ತಾಗಿಸಿ ಹೊರಸು ಹಾಕಿದೆವು. ಯಂತ್ರವನ್ನೂ ಅದರ ಪಕ್ಕಕ್ಕೆ ಸರಿಸಿದೆವು.

"ಗ್ವಾಡಿ ಹತ್ರ ಏನೂ ಆಗಂಗಿಲ್ಲಲ್ರಿ?"

ಹಗೇವಿನ ಹೊಟ್ಟೆ ಬಾಯಿಗಿಂತ ಅಗಲ ಎಂದು ನನಗೆ ಗೊತ್ತಿತ್ತು. ಎಷ್ಟು ಅಗಲ ಎಂದು ಯಾರಿಗೂ ಗೊತ್ತಿರಲಿಲ್ಲ.

"ಆಗಂಗಿಲ್ಲ" ಎಂದೆ.

"ಹಂಗಾದ್ರ ಸಾಕು. ಮತ್ತ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ನಿಮ್ಮ ಕೈ ಮುಗೀತೀನಿ."

ಆಯಿತು ಎಂದೆ. ಹೊರಗೆ ಬಂದ ಮೇಲೆ ಒಂದು ಬಗೆಯ ಹಗುರ ಅನಿಸಿತ್ತು. ಕರ್ತವ್ಯ ಮುಗಿಸಿದ ಹಗುರ. ಅಂದು ರಾತ್ರಿಯ ಊಟ ರುಚಿಸಿದ್ದೂ ನೆನಪಿದೆ. ಒಬ್ಬರು ಕೇಳಿದ ಪ್ರಶ್ನೆಗೆ ಆಧಾರವಿಲ್ಲದ ಉತ್ತರ ಕೊಟ್ಟು ಬಂದಿದ್ದೇನೆಂಬುದು ಆಗ ಮನಸ್ಸಿಗೆ ಬರಲೇ ಇಲ್ಲ.

ಆ ವಾರವೇ ಹಿಂದಿನ ಓಣಿಯಲ್ಲಿ ಒಂದು ಮನೆಯ ಬಚ್ಚಲು ಹೋಯಿತು. ಬೆಳಗಿನ ಎಂಟು ಗಂಟೆ. ಸ್ನಾನಕ್ಕೆ ಕುಳಿತಿದ್ದ ಆ ಮನೆಯ ಸೊಸೆ ಟವೆಲ್ ಮರೆತಿದ್ದೇನೆಂದು ಎದ್ದು ಹೊರಗೆ ಬಂದಿದ್ದಳು. ತಿರುಗಿ ನೋಡುವಷ್ಟರಲ್ಲಿ ಹಂಡೆ, ಒಲೆ, ಬಿಸಿನೀರು ಯಾವುದೂ ಇರಲಿಲ್ಲ. ನಾವೆಲ್ಲ ಹೋಗಿ ನೋಡಿದೆವು. ಗುಂಡಿಯ ಅಂಚಿನಲ್ಲಿ ಸಾಬೂನಿನ ಡಬ್ಬಿ ಒಂದು ಉಳಿದಿತ್ತು. ಕೆಳಗಿನಿಂದ ಇನ್ನೂ ಹಬೆ ಬರುತ್ತಿತ್ತು. ನಮ್ಮ ಓಣಿಯ ಗಂಡಸರು ಅಂಚಿನಿಂದ ಹಿಂದೆ ಸರಿದು ನಿಂತು, "ನಮ್ಮ ಓಣ್ಯಾಗ ಈ ಚಿಂತಿಲ್ಲ ನೋಡ್ರಿ. ಮಾಸ್ತರ್ರ ಪುಣ್ಯಾ" ಎಂದರು. ಕಾಕಾ ತಲೆ ತಗ್ಗಿಸಿದರು. ವಿನಯವೆಂದು ಎಲ್ಲರೂ ತಿಳಿದರು.

ಮರುದಿನ ಸರ್ಕಾರದ ಕಡೆಯಿಂದ ನೆಲ ಪರೀಕ್ಷೆ ಮಾಡುವವರು ಬಂದರು. ಮನೆಮನೆಗೆ ಹೋಗಿ ಹಗೇವು ಇದೆಯೇ, ತುಂಬಿದೆಯೇ ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಓಣಿಗೆ ಬಂದಾಗ ಮೊದಲು ಕಾಕಾನ ಹತ್ತಿರವೇ ಬಂದರು. ಬಾಡಿಗೆಯಾಕೆ ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನಮ್ಮ ಓಣ್ಯಾಗ ಎಲ್ಲಾ ತುಂಬೇವ್ರಿ. ನಾನ ನಿಂತು ತುಂಬಿಸೀನಿ."

"ನಿಮ್ಮ ಮನಿದ್ರಿ ಸರ?"

"ನಮ್ಮದೂ."

ಬಂದವರಲ್ಲಿ ಒಬ್ಬ ಬರೆಯತೊಡಗಿದ. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ.

"ನಮ್ಮದು ತುಂಬಿಲ್ಲ" ಎಂದೆ.

ಕಾಕಾ ನನ್ನನ್ನು ನೋಡದೆ ಹೇಳಿದರು. "ಆಕಿಗೆ ಗೊತ್ತಿಲ್ರಿ. ಆಗ ಆಕಿ ಧಾರವಾಡದಾಗ ಓದತಿದ್ಲು."

"ಫರಸಿ ಎತ್ತಿ ನೋಡ್ರಿ."

ಮುದುಕಿಯನ್ನು ಹೊರಸಿನ ಸಮೇತ ಕಟ್ಟೆಗೆ ತಂದರು. ಹಾರೆ ಹಾಕಿ ಫರಸಿ ಎಬ್ಬಿಸಿ, ಬಾಯಿಕಲ್ಲು ಸರಿಸಿದರು. "ಮದ್ಲ ದೀಪಾ ಇಳಸ್ರಿ!" ಎಂದು ಆಯಿ ಒಳಗಿನಿಂದ ಕೂಗಿದಳು. ಬಂದವರಲ್ಲಿ ವಯಸ್ಸಾದ ಕೂಲಿಯೊಬ್ಬ ಅವಳ ಮಾತಿಗೆ ಬೆಲೆ ಕೊಟ್ಟು ಕಂದೀಲಿಗೆ ಹಗ್ಗ ಕಟ್ಟಿ ಬಿಟ್ಟ. ಒಂದು ಮೊಳ ಇಳಿಯುವಷ್ಟರಲ್ಲಿ ಅದು ಚುಸ್ ಎಂದು ಆರಿತು. ಕೆಟ್ಟ ಗಾಳಿಯಿಂದಲ್ಲ. ನೀರು ಅಷ್ಟು ಮೇಲೆ ಬಂದಿತ್ತು.

ಟಾರ್ಚು ಬಿಟ್ಟು ನೋಡಿದರು. ನನಗೂ ತೋರಿಸಿದರು. ಹಗೇವಿನ ಗೋಡೆ ಎಂಬುದು ಉಳಿದಿರಲಿಲ್ಲ. ನೀರು ಅದನ್ನು ತಿಂದು ಎಲ್ಲ ಕಡೆ ಹರಡಿತ್ತು. ನಾವು ಹೊರಸು ಸರಿಸಿದ್ದ ಮೂಲೆಯ ಕೆಳಗೆ ಒಂದು ಗೇಣು ಮಣ್ಣು ಮಾತ್ರ ಚಪ್ಪರದಂತೆ ನಿಂತಿತ್ತು. ಬೆಳಕು ಗೋಡೆಯ ಬುಡದಾಚೆಗೂ ಹೋಯಿತು. ಅಲ್ಲಿ, ಆ ಕಡೆ, ನನ್ನ ಮಂಚ ಇತ್ತು.

ಕೋಣೆಯನ್ನು ಎರಡು ದಿನದಲ್ಲಿ ಖಾಲಿ ಮಾಡಬೇಕು, ಪಕ್ಕದ ಕೋಣೆಯಲ್ಲೂ ಯಾರೂ ಮಲಗಬಾರದು, ಗುಂಡಿ ತುಂಬಿದ ಮೇಲೆ ನೋಡೋಣ ಎಂದು ಹೇಳಿ ಅವರು ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿದರು. ಓಣಿಯ ಜನ ಬಾಗಿಲಿಗೆ ಬಂದಿದ್ದರು. ಕಾಕಾ ಗಂಟಲು ಸರಿಮಾಡಿಕೊಂಡರು.

"ನಮಗೂ ಅನುಮಾನ ಇತ್ತು. ತುಂಬಿದ್ದು ಕುಸದಿರಬೇಕು ಅಂತ. ಅದಕ್ಕ ನಮ್ಮ ಹುಡುಗೀ ಕಡೆ ಹೇಳಿಸಿದ್ವಿ."

ನಾನು ತಿದ್ದಲಿಲ್ಲ. ಜನ ತಲೆ ಅಲ್ಲಾಡಿಸಿದರು. ಒಬ್ಬರು, "ಖರೇ ಮಂದಿ ಅಂದ್ರ ಹಿಂಗ ಇರಬೇಕು" ಎಂದರು.

ಬಾಡಿಗೆಯಾಕೆ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ನಾನು ಹತ್ತಿರ ಹೋದೆ.

"ನಿಮ್ಮ ಜೀವಕ್ಕ ಸಮಾಧಾನ ಆತಲ್ರಿ ಅಕ್ಕಾರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಗ್ವಾಡಿ ಹತ್ರ ಏನೂ ಆಗಂಗಿಲ್ಲ ಅಂದಿದ್ರಿ. ನಾ ಅಲ್ಲೇ ಮಲಗಸಿದ್ದೆ ಈಕೀನ್ನ, ಐದು ದಿನಾ."

ನಾನು ಗಂಟಿನ ಇನ್ನೊಂದು ತುದಿ ಹಿಡಿದೆ.

ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆದದ್ದು ಒಂದು ರೀತಿಯಲ್ಲಿ ನಿಜವಾಗಿತ್ತು. ನಮ್ಮ ಹಿತ, ಅವರ ಹಿತ ಎರಡೂ ಒಂದೇ ಕಡೆ ಸೇರಿದ್ದವು, ನನ್ನ ಮಂಚದ ಕೆಳಗೆ. ಆದರೆ ಟಾರ್ಚಿನ ಬೆಳಕು ಗೋಡೆಯ ಈಚೆಗೇ ನಿಂತಿದ್ದರೆ? ಗುಂಡಿ ಅವರ ಕಡೆ ಮಾತ್ರ ಇದ್ದಿದ್ದರೆ ನಾವು ಮಾಡಿದ್ದು ಕಡಿಮೆ ತಪ್ಪಾಗುತ್ತಿತ್ತೇ? ಇನ್ನೂ ಒಂದು ಪ್ರಶ್ನೆ ಇದೆ. ಚಹಾದ ತಟ್ಟೆ ಹಿಡಿದು ನಾನು ಬಾಯಿ ತೆರೆದದ್ದು ಆ ಮುದುಕಿಗಾಗಿಯೋ, ಹಿಂದಿನ ದಿನ ಆ ಬಚ್ಚಲಿನ ಹಬೆ ನೋಡಿ ನನ್ನ ಕಾಲಡಿಗೆ ಹೆದರಿಯೋ? ಎಷ್ಟು ಸಲ ಯೋಚಿಸಿದರೂ ಎರಡನ್ನೂ ಬಿಡಿಸಿ ಬೇರೆ ಮಾಡಲು ನನಗೆ ಆಗಿಲ್ಲ.

ಅವರಿಗೆ ಮನೆ ಹುಡುಕಿಕೊಟ್ಟವರು ಕಾಕಾನೇ. ಎರಡು ದಿನ ಮಳೆಯಲ್ಲಿ ಛತ್ರಿ ಹಿಡಿದು ತಿರುಗಿದರು. ಬೇರೆಲ್ಲೂ ಆಗಲಿಲ್ಲ. ಕೊನೆಗೆ ನಮ್ಮದೇ ಓಣಿಯ ತಿರುವಿನ ಮನೆಯ ಒಡತಿ, ಮಾಸ್ತರರ ಮಾತಿಗಾಗಿ, ಹೊರಗಿನ ಕೋಣೆ ಕೊಡಲು ಒಪ್ಪಿದಳು. "ಆ ಮನಿ ಹಗೇವು ನಾನ ಮುಂದ ನಿಂತು ತುಂಬಿಸಿದ್ದು. ಅಂಜಿಕಿಲ್ಲ" ಎಂದು ಬಾಡಿಗೆಯಾಕೆಗೆ ಹೇಳಿದರು. ಆಕೆ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದೆ ಸರಿದರು. ಕಾಕಾನ ಮುಖ ಆ ದಿನ ಬಹಳ ದಿನಗಳ ಮೇಲೆ ತಿಳಿಯಾಗಿತ್ತು.

ಅವರು ಹೋದ ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಆಯಿ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಮಳೆ.

"ಎಲ್ಲಿ ಹೋದ್ರವ್ವಾ ಅವರು?"

"ತಿರುವಿನ ಮನಿಗೆ ಆಯಿ."

ಬಡಿತ ನಿಂತಿತು. "ಒಳಗಿನ ಕೋಣಿನೋ, ಹೊರಗಿಂದೋ?"

"ಹೊರಗಿಂದು."

ಆಯಿ ಕೈಯ ಹಿಟ್ಟು ಉದುರಿಸಿದಳು. "ನಾ ಒಬ್ಬಾಕಿನ ಕಲ್ಲಿನ ಮ್ಯಾಲ ಕುಂತಿದ್ದೆ ಅನ್ಕೊಂಡೀರೇನು? ನಾವು ಮುದುಕ್ಯಾರು ಎಲ್ಲಾ ಮಾತಾಡಕೊಂಡಿದ್ವಿ. ಲಕ್ಷ್ಮೀ ಜಾಗಾಕ್ಕ ಮಣ್ಣು ಹಾಕಸಿಗೊಡೂದು ಬ್ಯಾಡ ಅಂತ. ಬಾಯಾಗ ಎರಡು ಹಲಗಿ ಕೊಟ್ಟು, ಮ್ಯಾಲ ಎರಡು ಬುಟ್ಟಿ ಗರಸು. ನಿನ್ನ ಕಾಕಾ ಓಣ್ಯಾಗ ಟ್ರ್ಯಾಕ್ಟರ್ ಹತ್ರ ನಿಂತಿರತಿದ್ದ, ಕಡೀಕ ಬಂದು ಮ್ಯಾಲ ನೋಡಿ ಹೋಗತಿದ್ದ. ಉಳಿದ ಗರಸೆಲ್ಲಾ ಹಿತ್ತಲಕ್ಕ."

ಕಾಕಾ ತುತ್ತು ಕೈಯಲ್ಲೇ ಹಿಡಿದಿದ್ದರು. "ಯಾವ ಮನಿ ಅವ್ವಾ?"

"ಎಲ್ಲಾ ಮನಿ."

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾ. ಗಂಡಸರು ತುಟಿ ಬಿಚ್ಚಲಿಲ್ಲ. ತಮ್ಮದೊಂದೇ ಅಲ್ಲ ಅಂತ ಅವರಿಗೇನು ಗೊತ್ತು?"

ಕಾಕಾ ತಟ್ಟೆಯನ್ನೇ ನೋಡುತ್ತಿದ್ದರು. ಸುತ್ತಲಿನ ನೆಲ ಗಟ್ಟಿ ಇದೆ, ನಡುವೆ ಒಂದು ಗುಂಡಿ ಏನು ಮಾಡುತ್ತದೆ ಎಂದು ಅವರು ಇಷ್ಟು ವರ್ಷ ತಮಗೆ ತಾವು ಹೇಳಿಕೊಂಡ ಮಾತನ್ನು ಓಣಿಯ ಪ್ರತಿ ಮನೆಯ ಯಜಮಾನನೂ ತನಗೆ ತಾನು ಹೇಳಿಕೊಂಡಿದ್ದ. ಒಬ್ಬೊಬ್ಬನೂ ಉಳಿದವರ ಪ್ರಾಮಾಣಿಕತೆಯ ಮೇಲೆ ತನ್ನ ಮನೆ ನಿಂತಿದೆ ಎಂದು ನಂಬಿದ್ದ.

ನಾನು ಕೈ ತೊಳೆದು ಎದ್ದೆ. "ನಡೀರಿ ಕಾಕಾ."

"ಮಳಿ ನಿಲ್ಲಲಿ. ನಿಂತ ಮ್ಯಾಲ ಎಲ್ಲಾರನ್ನೂ ಕೂಡಿಸಿ ಮಾತಾಡೂಣು. ಒಮ್ಮಿಗೇ ಹೋಗಿ ಹೇಳಿದ್ರ ಮಂದಿ ಅಂಜತಾರ. ಅವರ ಸಲುವಾಗೇ..."

ಆ ಮಾತನ್ನು ಅವರು ಮುಗಿಸಲಿಲ್ಲ. ಎದ್ದೂ ಬರಲಿಲ್ಲ.

ತಿರುವಿನ ಮನೆ ನಾಲ್ಕು ಬಾಗಿಲಿನಾಚೆ. ಓಣಿಯಲ್ಲಿ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಹತ್ತಿರ ಹೋಗುವ ಮೊದಲೇ ಯಂತ್ರದ ಸದ್ದು ಕೇಳಿಸಿತು. ಒಡತಿ ಒಳಬಾಗಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದಳು.

"ಬರ್ರಿ ಟೀಚರ! ತೊಯ್ಸಿಕೊಂಡು ಬಂದೀರಿ. ಚಾ ಇಡ್ತೀನಿ ತಡೀರಿ."

ಬಾಡಿಗೆಯಾಕೆ ನನ್ನ ಮುಖ ನೋಡಿ ಕಾಲು ನಿಲ್ಲಿಸಿದಳು. ಸೂಜಿ ಬಟ್ಟೆಯಲ್ಲೇ ಇತ್ತು.

"ಇಲ್ಲೂ ಐತೇನ್ರಿ?"

"ಏನೈತಿ?" ಒಡತಿ ಸೊಪ್ಪು ಬಿಟ್ಟು ಎದ್ದಳು. "ಹಗೇವು ಅಂತೀರೇನು? ನಮ್ದು ಎಂದೋ ತುಂಬೇವಿ. ನಿಮ್ಮ ಕಾಕಾನ ಕೇಳ್ರಿ ಬೇಕಾದ್ರ. ಮನಿ ತುಂಬ ಮಂದಿ ಇದ್ದಲ್ಲಿ ಬಂದು ಇಂಥಾ ಮಾತು ಆಡಬಾರದು ನೋಡ್ರಿ, ಕಲಿತವರು ನೀವು."

ನಾನು ಬಾಡಿಗೆಯಾಕೆಗೆ ಮಾತ್ರ ಹೇಳಿದೆ. "ಐತಿ. ಎಷ್ಟು ಅಗಲ ಐತಿ ನನಗ ಗೊತ್ತಿಲ್ಲ. ಗ್ವಾಡಿ ಹತ್ರಾನೂ ಬ್ಯಾಡ."

ಆಕೆ ಬೇರೆ ಏನೂ ಕೇಳಲಿಲ್ಲ. ಹೊರಸಿನ ತಲೆಯ ಕಡೆ ಹೋಗಿ ಬಗ್ಗಿದಳು. ನಾನು ಕಾಲಿನ ಕಡೆ ಹಿಡಿದೆ. ಮುದುಕಿ ಹಗುರವಾಗಿದ್ದಳು. ಬಾಗಿಲು ಇಲ್ಲಿಯೂ ಚೌಕಟ್ಟಿಗೆ ಕಚ್ಚಿತ್ತು, ಬೆನ್ನು ಕೊಟ್ಟು ದೂಡಿದೆವು. ಒಡತಿ ಹಿಂದಿನಿಂದ ಏನೋ ಕೂಗುತ್ತಿದ್ದಳು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಜನ ಹೊಸ್ತಿಲ ಮೇಲೆ ನಿಂತು ನೋಡಿದರು. ಯಾರೂ ಮೆಟ್ಟಿಲು ಇಳಿಯಲಿಲ್ಲ.

ನೀರಿನ ನಡುವೆ ಹೊರಸು ಹಿಡಿದು ನಿಂತೆವು. ಮುದುಕಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಮೊದಲು ಸೊಸೆಯನ್ನು, ಆಮೇಲೆ ನನ್ನನ್ನು ನೋಡಿದಳು.

"ಈಗ ಎಲ್ಲಿ ಇಳಸ್ತೀರಿ ನನ್ನ?"

ಇಬ್ಬರೂ ನೆಲ ನೋಡಿದೆವು. ಕೈ ನೋಯತೊಡಗಿತ್ತು, ಆದರೂ ಇಳಿಸಲಿಲ್ಲ.